ಗೊಂಬೆಯ ಹಲಗೆಯ ಮೇಲೆ ಶ್ರೀರಂಗಪಟ್ಟಣ

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಒಂದು ಹಳೆಯ ಏರ್ಪಾಡುಂಟು. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳದು. ನಡುವಣ ಮೆಟ್ಟಿಲುಗಳು ದೇವಾನುದೇವತೆಗಳವು. ಕೆಳಗಿನದರಲ್ಲಿ ಅಕ್ಕಿ ಬೇಳೆ ಹರಡಿಕೊಂಡ ಶೆಟ್ಟರೂ ಶೆಟ್ಟಿತಿಯೂ ಕುಳಿತಿರುತ್ತಾರೆ. ಅದಕ್ಕೂ ಕೆಳಗೆ ನೆಲದ ಮೇಲಿನ ಜಾಗ ಮಾತ್ರ ಮನೆಯ ಮಕ್ಕಳ ಸ್ವಂತ ಜಹಗೀರು. ಅಲ್ಲಿ ಅವರು ಮಣ್ಣು ಹರಡಿ ರಾಗಿ ಚೆಲ್ಲಿ ಪೈರು ಬರಿಸುತ್ತಾರೆ. ಕನ್ನಡಿಯ ಚೂರಿಟ್ಟು ಕೆರೆಯೆನ್ನುತ್ತಾರೆ. ಇದ್ದಿಲು ಪೇರಿಸಿ ಬೆಟ್ಟವೆನ್ನುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ನವರಾತ್ರಿಯಲ್ಲಿ ದೊಡ್ಡವರಾದ ನಾವು ನಾಚಿಕೆಯಿಲ್ಲದೆ ಈ ಜಹಗೀರನ್ನು ಆಕ್ರಮಿಸಿಕೊಂಡೆವು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಹಲಗೆಯ ಮೇಲೆ ೧೭೯೯ನೆಯ ಇಸವಿ ಮೇ ತಿಂಗಳು ೪ನೆಯ ತಾರೀಖು ಇಂಗ್ಲಿಷರ ಸೈನ್ಯ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಕೋಟೆಯನ್ನು ಹೊಕ್ಕ ಪ್ರಸಂಗವನ್ನು ರಚಿಸಿ ಇಡಬೇಕೆಂಬುದು ನಮ್ಮ ಸಂಕಲ್ಪ.

ಪೂರ್ವಕಾಲದ ಸೈನಿಕರ ಪುಟ್ಟ ಗೊಂಬೆಗಳಿಗೆ ಬಣ್ಣ ಬರೆದು, ಅವರು ನಿಂತ ನೆಲವನ್ನೂ ಅಳತೆಗೆ ತಕ್ಕಂತೆ ಕಟ್ಟಿ, ಕಡೆಗೆ ಅದರ ಛಾಯಾಚಿತ್ರ ತೆಗೆಯುವುದು ಯೂರೋಪಿನಲ್ಲಿ ಬಹುಮಂದಿ ದೊಡ್ಡವರ ವಿನೋದ. ಲಂಡನ್ನಿನ ವಿಲಿಯಂ ಬ್ರಿಟನ್ ಎಂಬುವರ ಕಾರ್ಖಾನೆ ೧೮೯೩ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿದ ಮೇಲೆ ಇವು ಅಗ್ಗವಾಗಿ ಸಾಮಾನ್ಯರ ಮನೆಗಳಿಗೂ ಹೋದವು. ನಾವು ತರಿಸಿಕೊಂಡವು ಪ್ಲಾಸ್ಟಿಕಿನವು. ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು. ಅಂದರೆ ಆರಡಿಯ ಆಳು ಸರಿಯಾಗಿ ಒಂದು ಅಂಗುಲವಾಗುವನು. ಪೆಟ್ಟಿಗೆಯಲ್ಲಿ ಇಂಗ್ಲಿಷ್ ಸಿಪಾಯಿಗಳು ಬೇಕಾದಷ್ಟು ಇದ್ದರು. ಮೈಸೂರಿನವನು ಒಬ್ಬನೂ ಇರಲಿಲ್ಲ. ಬೇರೆ ಯಾವುದೋ ಸೈನ್ಯದ ಹನ್ನೆರಡು ಮಂದಿಯ ಟೋಪಿಗಳನ್ನು ಚಾಕುವಿನಿಂದ ಹೆರೆದುಹಾಕಿ, ಪುಟ್ಟಿಯನ್ನು ಎಳೆಯಾಗಿ ಹೊಸೆದು ರುಮಾಲು ಸುತ್ತಿ, ಅವರನ್ನು ಮೈಸೂರಿನವರನ್ನಾಗಿ ಮಾಡಿಕೊಂಡೆವು. ಈ ಕೆಲಸದಲ್ಲಿ ನಮ್ಮ ಮನೆಯಾಕೆಯ ಕೈ ನಮ್ಮದಕ್ಕಿಂತ ಪಳಗಿದ್ದು. ಕಡುಬಿನ ಅಂಚು ಮಡಿಸಿ ಬಲ್ಲ ಬೆರಳುಗಳಿಗೆ ರುಮಾಲಿನ ಮಡಿಕೆ ಒಂದು ಲೆಕ್ಕವೇ?

ಬಣ್ಣದ ವಿಷಯದಲ್ಲಿ ಮೊದಲ ತಕರಾರು ಹುಟ್ಟಿತು. ಟೀಪುವಿನ ಸಿಪಾಯಿಗಳಿಗೆ ಹಸಿರು ಬಣ್ಣವೆಂದು ಮಕ್ಕಳು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಸಿನಿಮಾದಲ್ಲಿಯೂ ನಾಟಕದಲ್ಲಿಯೂ ಹಾಗೆಯೇ ಕಾಣುವುದಷ್ಟೆ. ಆದರೆ ಆ ಕಾಲದಲ್ಲಿ ಕಣ್ಣಾರೆ ಕಂಡ ಇಂಗ್ಲಿಷರು ಬರೆದಿಟ್ಟಿರುವುದು ಬೇರೆ: ನೇರಳೆ ಬಣ್ಣದ ಬಟ್ಟೆ, ಅದರ ಮೇಲೆ ಬಿಳಿಯ ಬೊಟ್ಟುಗಳು, ಅದಕ್ಕೆ ಹುಲಿಯಂಗಿ ಎಂದು ಹೆಸರು. ಒಂದು ಅಂಗುಲದ ಆಳಿನ ಎದೆಯ ಮೇಲೆ ಬೊಟ್ಟು ಬರೆಯುವುದೆಂದರೆ ಸೂಜಿಯ ಮೊನೆಯನ್ನು ಬಣ್ಣಕ್ಕೆ ಸೋಕಿಸಿ ಉಸಿರು ಬಿಗಿಹಿಡಿದು ಮುಟ್ಟಿಸಬೇಕು. ಮೂರು ರಾತ್ರಿ ಹಿಡಿಯಿತು. ಕೆಂಪಂಗಿಯವರ ಕೆಲಸ ಸುಲಭವೆಂದುಕೊಂಡಿದ್ದೆವು, ಅದೂ ಸುಲಭವಲ್ಲ. ಡಬ್ಬಿಯಲ್ಲಿದ್ದ ಕೆಂಪನ್ನು ಹಾಗೆಯೇ ಬಳಿದರೆ ಆಳು ಅಂಗಡಿಯ ಆಟದ ಸಾಮಾನಿನಂತೆ ಕಾಣುತ್ತಾನೆ. ದೂರದಲ್ಲಿ ನಿಂತವನ ಬಟ್ಟೆಯ ಬಣ್ಣ ನಮ್ಮ ಕಣ್ಣಿಗೆ ಕೊಂಚ ಮಾಸಿ ಬರುತ್ತದೆ. ಪುಟ್ಟ ಗೊಂಬೆಯೆಂದರೆ ದೂರದಲ್ಲಿರುವ ಮನುಷ್ಯನೇ ತಾನೆ? ಆದುದರಿಂದ ಕೆಂಪಿಗೆ ಒಂದಿಷ್ಟು ಬೂದಿ ಬಣ್ಣ ಬೆರೆಸಿದ ಮೇಲೆಯೇ ಅವರಿಗೆ ಜೀವ ಬಂದಿತು.

“ಅಪ್ಪ, ಇವರಲ್ಲಿ ನಮ್ಮವರು ಯಾರು?” ಎಂದು ಮಗ ಕೇಳಿದ. ಹುಲಿಯಂಗಿಯವರೆಂದು ಹೇಳುವುದಕ್ಕೆ ಬಾಯಿ ತೆರೆದೆವು. ಆದರೆ ಅಂದು ಕೋಟೆಗೆ ನುಗ್ಗಲು ನೇಮಿಸಿದ್ದ ನಾಲ್ಕು ಸಾವಿರಕ್ಕೂ ಮಿಕ್ಕ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಮದರಾಸು, ಬೊಂಬಾಯಿ, ಹೈದರಾಬಾದುಗಳ ಕಡೆಯ ಸಿಪಾಯಿಗಳೇ. ಆ ಲೆಕ್ಕವನ್ನು ಅವನಿಗೆ ತಿಳಿಸಿ, ಕೆಂಪಂಗಿಯವರಲ್ಲಿ ಅಷ್ಟು ಮಂದಿಯ ಮುಖಗಳಿಗೆ ನಮ್ಮ ಮೈಬಣ್ಣವನ್ನೇ ಬರೆದೆವು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ನವರಾತ್ರಿ ಬಂದಿತು. ಹಲಗೆಯ ಮೇಲೆ ಎತ್ತರವಾದ ಗೋಡೆ, ಅದರ ಬುಡಕ್ಕೆ ಅಪ್ಪಳಿಸುವ ಹಸಿರು ನೀರಿನ ತುಂಬು ಹೊಳೆ, ಎದೆಮಟ್ಟದ ನೀರಿನಲ್ಲಿ ಕೈಯೆತ್ತಿ ಬರುವ ಸಿಪಾಯಿಗಳು, ಹತ್ತಿಯನ್ನು ಹಿಂಜಿ ಮಾಡಿದ ಹೊಗೆ. ಪಕ್ಕದಲ್ಲಿ ಹಳದಿಯ ಬಟ್ಟೆ ಮುಚ್ಚಿದ ದೀಪ. ಛಾಯಾಚಿತ್ರವನ್ನೂ ಆ ಬೆಳಕಿನಲ್ಲಿಯೇ ತೆಗೆದು ಕಟ್ಟು ಹಾಕಿಸಿದ್ದೆವು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಹೊಗಳಿದರು. ಐದನೆಯ ದಿನ ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಬಂದು, ಕನ್ನಡಕವನ್ನು ಒರೆಸಿ ಹಾಕಿಕೊಂಡು, ಬಗ್ಗಿ ನೋಡಿದರು.

“ಬಹಳ ಚೆನ್ನಾಗಿದೆ. ಇದು ಯಾವ ತಿಂಗಳು?”

“ಮೇ ತಿಂಗಳು, ಮೇಷ್ಟ್ರೇ.”

“ಹೊತ್ತೆಷ್ಟು?”

“ಮಧ್ಯಾಹ್ನ ಒಂದು ಗಂಟೆ.”

“ಮೇ ತಿಂಗಳಲ್ಲಿ ಹೊಳೆಗೆ ಇಷ್ಟು ನೀರು ಎಲ್ಲಿಂದ ಬಂತು? ನೆರಳೂ ಸಂಜೆಯದಾಗಿದೆಯಲ್ಲ!”

ಅಷ್ಟು ಹೇಳಿ ಅವರು ಉಸಲಿಯ ದೊನ್ನೆಯನ್ನು ತೆಗೆದುಕೊಂಡು ಅಮ್ಮನೊಡನೆ ಬೇರೆ ಮಾತಿಗೆ ತೊಡಗಿದರು. ನಮಗೆ ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಏಕೆಂದರೆ ನೀರಿನ ತಪ್ಪು ಸಣ್ಣ ತಪ್ಪಲ್ಲ. ೧೭೯೧ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಇದೇ ಪಟ್ಟಣದವರೆಗೆ ಬಂದು, ಅರಕೆರೆಯ ಬಳಿ ಗೆದ್ದೂ, ಮಳೆ ಹಿಡಿದು ದನಗಳು ಸತ್ತು ಆಹಾರ ತೀರಿದ್ದರಿಂದ ತನ್ನ ದೊಡ್ಡ ತೋಪುಗಳನ್ನು ತಾನೇ ಕೆಡಿಸಿ ಹಿಂದಿರುಗಬೇಕಾಯಿತು. ೧೭೯೯ರಲ್ಲಿ ಜನರಲ್ ಹ್ಯಾರಿಸನಿಗೂ ಅದೇ ಭಯ; ಹೊಳೆ ಏರುವುದರೊಳಗೆ ಕೆಲಸ ಮುಗಿಯಬೇಕು. ನಮ್ಮ ಹಲಗೆಯ ಮೇಲಿದ್ದಷ್ಟು ನೀರು ನಿಜವಾಗಿ ಇದ್ದಿದ್ದರೆ ಆ ದಿನ ಕೋಟೆ ಬೀಳುತ್ತಲೇ ಇರಲಿಲ್ಲ. ಯಾವ ಪ್ರಸಂಗವನ್ನು ತೋರಿಸಹೊರಟೆವೋ ಅದು ನಡೆಯಲಾರದಂತಹ ನೆಲವನ್ನು ನಾವು ಅಂದವಾಗಿ ಕಟ್ಟಿ ಕೂರಿಸಿದ್ದೆವು.

ನಮಗೆ ಜೊತೆಗಾರರಿಲ್ಲವೆಂದಲ್ಲ. ಪಟ್ಟಣ ಬಿದ್ದ ಸುದ್ದಿ ಲಂಡನ್ನನ್ನು ಮುಟ್ಟಿದ ಮೇಲೆ ೧೮೦೦ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತಮೂರರ ಆಸುಪಾಸಿನ ತರುಣನು ಈ ಮುತ್ತಿಗೆಯನ್ನೇ ೧೨೦ ಅಡಿ ಉದ್ದದ ಬಟ್ಟೆಯ ಮೇಲೆ ಆರು ವಾರಗಳಲ್ಲಿ ಬರೆದು ಲೈಸಿಯಂ ಎಂಬ ಸ್ಥಳದಲ್ಲಿ ಪ್ರದರ್ಶಿಸಿದನು. ಜನ ಕಿಕ್ಕಿರಿದು ನೋಡಿದರು. ಆತನು ಆಗ ಇಂಡಿಯಾ ದೇಶವನ್ನೇ ಕಂಡವನಲ್ಲ. ಆ ಚಿತ್ರ ಆಮೇಲೆ ಬೆಂಕಿಗೆ ಆಹುತಿಯಾಗಿ, ಅದರ ಅಚ್ಚಿನ ಪ್ರತಿಗಳು ಮಾತ್ರ ಉಳಿದಿವೆ. ಸಾವಿರಾರು ಮೈಲಿ ಆಚೆಗಿದ್ದವನಿಗೆ ಕ್ಷಮೆ ಉಂಟು. ಹತ್ತು ಮೈಲಿ ದೂರದಲ್ಲಿ ಮನೆಯಿಟ್ಟುಕೊಂಡು ಪುಸ್ತಕದ ಚಿತ್ರ ನೋಡಿ ಹೊಳೆ ಹರಿಸಿದ ನಮಗೆ ಯಾವ ಕ್ಷಮೆ?

ಆದಕಾರಣ ಮುಂದಿನ ಬೇಸಿಗೆಯಲ್ಲಿ, ಮೇ ನಾಲ್ಕರಂದೇ, ಮಕ್ಕಳನ್ನು ಕರೆದುಕೊಂಡು ರೈಲಿನಲ್ಲಿ ಹೊರಟೆವು. ಬುತ್ತಿಯಲ್ಲಿ ಮೊಸರನ್ನವೂ ಮಾವಿನಕಾಯಿಯ ಉಪ್ಪಿನಕಾಯಿಯೂ ಇದ್ದವು. ಶ್ರೀರಂಗಪಟ್ಟಣದಲ್ಲಿ ರೈಲು ಕೋಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟೀಪುವಿನ ಕಾಲದ ಮದ್ದಿನ ಮನೆಯೊಂದನ್ನು ೨೦೧೭ರಲ್ಲಿ ಕೆಡವದೆ, ಬುಡಸಹಿತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಸುಮಾರು ಸಾವಿರ ಟನ್ ತೂಕದ ಕಟ್ಟಡ. ಇದನ್ನು ಕೇಳಿದ ಮಗಳು, “ನಮ್ಮ ಹಲಗೆಯನ್ನು ನಡುಮನೆಯಿಂದ ಜಗಲಿಗೆ ಸಾಗಿಸುವಾಗ ನಾಲ್ಕು ಜನ ಬಿದ್ದರು” ಎಂದಳು.

ಮೊದಲು ದರಿಯಾ ದೌಲತ್ತಿಗೆ ಹೋದೆವು. ೧೭೮೪ರಲ್ಲಿ ಕಟ್ಟಿದ ಈ ಅರಮನೆಯ ಪಡುವಣ ಗೋಡೆಯ ಮೇಲೆ ೧೭೮೦ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಕೆಂಪಂಗಿಯವರು ಚೌಕವಾಗಿ ನಿಂತಿದ್ದಾರೆ; ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೈಲಿ; ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ; ಸುತ್ತಲೂ ಮೈಸೂರಿನ ಕುದುರೆ ಸವಾರರು. ಬಣ್ಣಗಳ ಮಾದರಿಗಾಗಿ ಪೆನ್ಸಿಲು ಹಿಡಿದು ಬಹಳ ಹೊತ್ತು ಕುಳಿತೆವು. ಆದರೆ ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಚಿತ್ರಕ್ಕೆ ಒಮ್ಮೆ ಸುಣ್ಣ ಹೊಡೆದಿದ್ದರು; ಪಟ್ಟಣ ಬಿದ್ದ ಮೇಲೆ ಇಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದನು; ಆಮೇಲೆ ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಿದರು. ಯಾವ ಗೆರೆ ಎಂದಿನದೆಂದು ಬಣ್ಣವೇ ಎದ್ದು ಸಾಕ್ಷಿ ಹೇಳದು. ಇನ್ನೊಂದು ಸಂಗತಿಯನ್ನು ಮಗಳೇ ಮೊದಲು ಗಮನಿಸಿದಳು: ಇಷ್ಟು ಜನರಲ್ಲಿ ಒಬ್ಬನಿಗೂ ನೆಲದ ಮೇಲೆ ನೆರಳಿಲ್ಲ. ನಮ್ಮ ಕಡೆಯ ಹಳೆಯ ಚಿತ್ರಗಾರನಿಗೆ ಗಂಟೆಯ ಹಂಗಿಲ್ಲ. ಅವನ ಯುದ್ಧ ಎಲ್ಲ ಹೊತ್ತಿನಲ್ಲಿಯೂ ನಡೆಯುತ್ತಿರುತ್ತದೆ. ಗೊಂಬೆಯ ಪಾಡು ಹಾಗಲ್ಲ. ಅದನ್ನು ಹಲಗೆಯ ಮೇಲೆ ನಿಲ್ಲಿಸಿದ ಕೂಡಲೇ ನೆರಳು ಬೀಳುತ್ತದೆ; ನೆರಳು ಬಿತ್ತೆಂದರೆ ಹೊತ್ತು ಯಾವುದೆಂದು ಅದು ಹೇಳಿಯೇ ಹೇಳುತ್ತದೆ.

ರಂಗನಾಥನ ದೇವಸ್ಥಾನದ ಹಿಂದಿನಿಂದ ಪಡುವಲಿಗೆ ನಡೆದು, ಗೋಡೆ ಒಡೆದ ಸ್ಥಳವನ್ನು ಸೇರುವ ಹೊತ್ತಿಗೆ ಒಂದು ಗಂಟೆ. ಇಲ್ಲಿ ೧೯೦೭ರಲ್ಲಿ ಮೈಸೂರು ಸರ್ಕಾರದವರು ನಿಲ್ಲಿಸಿದ ಕಲ್ಲಿನ ಸ್ತಂಭವೊಂದಿದೆ. ಆ ಬಿಸಿಲನ್ನು ಏನೆಂದು ವರ್ಣಿಸೋಣ! ಕೋಟೆಯ ಕಲ್ಲನ್ನು ಮುಟ್ಟಿದರೆ ಕಾವಲಿಯನ್ನು ಮುಟ್ಟಿದಂತೆ. ಈ ಬಿಸಿಲನ್ನೇ ನಂಬಿ ಅವರು ಈ ಹೊತ್ತನ್ನು ಆರಿಸಿದ್ದು. ಕೋಟೆಯೊಳಗಿನವರು ಊಟಕ್ಕೋ ನೆರಳಿಗೋ ಹೋಗಿರುವರೆಂದು. ಟೀಪುವಿನ ನೆಚ್ಚಿನ ಸೇನಾಪತಿ ಸಯ್ಯದ್ ಗಫಾರನು ಅದಕ್ಕೆ ಸ್ವಲ್ಪ ಮುಂಚೆ ಗುಂಡಿಗೆ ಬಲಿಯಾಗಿದ್ದನು. ಸುಲ್ತಾನನು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗಲೇ ಗದ್ದಲ ಕೇಳಿಸಿತೆಂದು ಹೇಳುತ್ತಾರೆ. ಆಚೆಯ ದಡದ ಕಂದಕಗಳಿಂದ ಜನರನ್ನು ಎಬ್ಬಿಸಿದವನು ಜನರಲ್ ಬೇರ್ಡ್. ಪೊಲ್ಲಿಲೂರಿನಲ್ಲಿ ಸೆರೆ ಸಿಕ್ಕಿ, ೧೭೮೪ರವರೆಗೆ ಇದೇ ಪಟ್ಟಣದಲ್ಲಿ ಕೋಳ ಹಾಕಿಸಿಕೊಂಡು ಬಿದ್ದಿದ್ದವನು.

ಕೆಳಗೆ ಹೊಳೆ. ಹೊಳೆಯೆನ್ನುವುದಕ್ಕಿಂತ ಬಂಡೆಗಳ ಸಂತೆ ಎನ್ನಬೇಕು. ಆನೆಯಷ್ಟು, ಎಮ್ಮೆಯಷ್ಟು, ಒರಳಿನಷ್ಟು ಗಾತ್ರದ ಕಲ್ಲುಗಳು; ಅವುಗಳ ನೆತ್ತಿಯ ಸಮೀಪದಲ್ಲಿ ಮಳೆಗಾಲದ ನೀರು ಬಿಟ್ಟುಹೋದ ಗೆರೆ; ಸಂದುಗಳಲ್ಲಿ ತಿಳಿನೀರು ಕಾಲುವೆ ಕಾಲುವೆಯಾಗಿ ಹರಿಯುತ್ತದೆ. ತೆಪ್ಪವನ್ನು ಬೋರಲು ಹಾಕಿ ಅದರ ನೆರಳಿನಲ್ಲಿ ಕುಳಿತಿದ್ದ ಮೀನುಗಾರನೊಬ್ಬ ನಮ್ಮನ್ನು ನೋಡಿ, “ಇಳೀಬೇಡಿ ಸ್ವಾಮಿ, ಮಕ್ಕಳಿದಾರೆ. ಕಲ್ಲ ಮೇಲೆ ಮೊಳಕಾಲುದ್ದ ಇರ್ತದೆ, ಒಂದು ಹೆಜ್ಜೆ ತಪ್ಪಿದ್ರೆ ಆಳುದ್ದ ಮಡು” ಎಂದ. ದಾಟಿದವರ ವರದಿಗಳಲ್ಲಿಯೂ ಇದೇ ಮಾತು: ಒಬ್ಬನಿಗೆ ಮೊಳಕಾಲು, ಪಕ್ಕದವನಿಗೆ ಸೊಂಟ. ನಮ್ಮ ಹಲಗೆಯ ಮೇಲೆ ಎಲ್ಲರೂ ಒಂದೇ ಸಮನಾಗಿ ಎದೆಮಟ್ಟ ಮುಳುಗಿದ್ದರು!

ಅಂದಿನ ಹೊಳೆಯ ಅಗಲ ಸುಮಾರು ೨೮೦ ಗಜ. ಅದನ್ನು ನಮ್ಮ ಅಳತೆಯಲ್ಲಿ ಮಾಡಿದರೆ ಹನ್ನೊಂದೂವರೆ ಅಡಿಗೂ ಮೀರುತ್ತದೆ, ನಡುಮನೆ ತುಂಬಿಹೋಗುತ್ತದೆ. ಮೊದಲಿಗರು ಅಷ್ಟನ್ನೂ ದಾಟಿ ಆರೇಳು ನಿಮಿಷಗಳಲ್ಲಿ ಒಡಕಿನ ಮೇಲೆ ಬಾವುಟ ನೆಟ್ಟರು. ಮಗ ಗಡಿಯಾರ ಹಿಡಿದು ಏಳು ನಿಮಿಷ ಎಣಿಸಿದ. ಸುಮ್ಮನೆ ನಿಂತು ಎಣಿಸಿದರೆ ಅದು ಬಹಳ ದೀರ್ಘವಾದ ಕಾಲ. ಎರಡನೆಯ ನಿಮಿಷಕ್ಕೇ ಅವನ ಮುಖ ಕೆಂಪೇರಿತು. ಐದನೆಯದಕ್ಕೆ ನೀರು ಕೇಳಿದ.

ಬಳಿಕ ಅವನನ್ನೇ ನೆಟ್ಟಗೆ ನಿಲ್ಲಿಸಿ ನೆರಳನ್ನು ಅಳೆದೆವು. ನಮ್ಮ ಇಂದಿನ ಗಡಿಯಾರ ಈ ಊರಿನ ಸೂರ್ಯನಿಗಿಂತ ಸುಮಾರು ಇಪ್ಪತ್ತು ನಿಮಿಷ ಮುಂದಿರುವುದರಿಂದ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಳೆಯುವುದು ಸರಿಯಾಗಿತ್ತು. ಮೇ ತಿಂಗಳ ಆರಂಭದಲ್ಲಿ ನಡುಹಗಲಿನ ಸೂರ್ಯನು ನಮ್ಮ ನೆತ್ತಿಯನ್ನು ದಾಟಿ ಕೊಂಚ ಉತ್ತರಕ್ಕೇ ಸರಿದಿರುತ್ತಾನೆ. ಐದಡಿಯ ಹುಡುಗನ ನೆರಳು ಹದಿನಾರು ಅಂಗುಲ. ಅದೂ ಪೂರ್ವಕ್ಕೆ, ಅಂದರೆ ನುಗ್ಗಿ ಬರುವವರ ಮುಂದೆ, ಗೋಡೆಯ ಕಡೆಗೆ. ಒಂದು ಅಂಗುಲದ ನಮ್ಮ ಸಿಪಾಯಿಗೆ ಕಾಲಂಗುಲದ ನೆರಳು ಎಂದಾಯಿತು. ಟೋಪಿಯ ಕೆಳಗೆ ಮುಖವೇ ಕಾಣದು. ಭುಜ ಮಾತ್ರ ಬೆಳ್ಳಗೆ ಉರಿಯುತ್ತಿರುತ್ತದೆ.

ಹಿಂದಿರುಗುವ ಮೊದಲು ಬಡಗಣ ಗೋಡೆಯ ಕಡೆ ಟೀಪುವಿನ ದೇಹ ಸಿಕ್ಕಿದ ಸ್ಥಳವನ್ನೂ ನೋಡಿದೆವು. ಒಂದು ಸಾಧಾರಣವಾದ ಕಲ್ಲು, ಸುತ್ತ ಕಂಬಿ. ಅಂದು ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯನ್ನು ಸರಿಸಿ ಹುಡುಕಿದರು. ಮಕ್ಕಳು ಇದನ್ನೂ ಮಾಡೋಣವೆ ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮನೆಗೆ ಬಂದು ಹೊಳೆಯನ್ನು ಚಾಣದಿಂದ ಕಿತ್ತುಹಾಕಿದೆವು. ಗಾರೆಯಲ್ಲಿ ಬಂಡೆಗಳನ್ನು ಮಾಡಿ, ಮೂರು ಸಲ ಜರಡಿ ಹಿಡಿದ ಮರಳನ್ನು ಅಂಟಿಸಿ, ಸಂದುಗಳಲ್ಲಿ ಮಾತ್ರ ಗಾಜಿನಂತೆ ಗಟ್ಟಿಯಾಗುವ ಅಂಟನ್ನು ತೆಳುವಾಗಿ ಹೊಯ್ದೆವು. ಸಿಪಾಯಿಗಳ ಬಣ್ಣವನ್ನು ಕೆರೆದು ಮೊದಲಿಂದ ಬರೆದೆವು. ಮೊದಲು ಮೈಯೆಲ್ಲ ಕಪ್ಪು. ಅದರ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿಯನ್ನು ಸಿಂಪಡಿಸುವುದು. ಆಗ ಸೂರ್ಯನು ಎಲ್ಲಿ ತಾಕುವನು, ಎಲ್ಲಿ ತಾಕನು ಎಂಬುದು ತಾನಾಗಿ ಮೂಡುತ್ತದೆ. ಅದರ ಮೇಲೆ ತೆಳುವಾದ ಬಣ್ಣ. ನೇರಳೆಯನ್ನು ಮಾಸಲು ಮಾಡಿದೆವು, ಒಂದು ತಿಂಗಳ ಮುತ್ತಿಗೆಯಲ್ಲಿ ಯಾರ ಬಟ್ಟೆ ಹೊಸದಾಗಿ ಉಳಿದೀತು? ಹತ್ತಿಯ ಹೊಗೆಯನ್ನು ಬಿಟ್ಟುಬಿಟ್ಟೆವು. ಎಷ್ಟು ಹಿಂಜಿದರೂ ಹತ್ತಿ ಹತ್ತಿಯೇ. ಅಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ. “ಹಬ್ಬದ ಮನೆಯಲ್ಲಿ ಒಂದು ಹಸಿರು ಕಡ್ಡಿ ಬೇಡವೇನಪ್ಪ? ಬರಗಾಲ ಬಂದ ಹಾಗಿದೆ” ಎಂದರು. ಹಲಗೆಯ ಹೊರಗೆ, ಸುತ್ತಲೂ, ರಾಗಿಯ ಪೈರು ಹಾಕಲು ಒಪ್ಪಿಗೆಯಾಯಿತು.

ಇನ್ನು ಛಾಯಾಚಿತ್ರ. ದೀಪದ ಬೆಳಕು ಸಾಕೆಂದು ಈ ಸಲ ನಮಗೆ ಧೈರ್ಯ ಬರಲಿಲ್ಲ. ಆ ಸೂರ್ಯನೇ ಬೇಕು. ಆದರೆ ಮತ್ತೊಂದು ಮೇ ತಿಂಗಳವರೆಗೆ ಕಾಯುವುದೆಂತು? ಪಂಚಾಂಗ ನೋಡಿದ ಮಗಳು, ಆಗಸ್ಟ್ ಎಂಟರ ಸುಮಾರಿಗೆ ದಕ್ಷಿಣಕ್ಕೆ ಹಿಂದಿರುಗುವ ಸೂರ್ಯನು ಮೇ ನಾಲ್ಕರ ದಾರಿಯಲ್ಲೇ ಬರುವನೆಂದು ಕಂಡುಹಿಡಿದಳು. ಅಂತೆಯೇ ಹಲಗೆಯನ್ನು ತೊಟ್ಟಿಲಿನಂತೆ ಮಡಿಲಲ್ಲಿಟ್ಟುಕೊಂಡು ಪುನಃ ಹೋದೆವು.

ಆ ದಿನದ ಹೊಳೆಯನ್ನು ಕಂಡು ಮಕ್ಕಳು ಮೂಕರಾದರು. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಿದ್ದರು. ಬಂಡೆಗಳು ಒಂದೂ ಇಲ್ಲ. ಮೀನುಗಾರ ಕುಳಿತಿದ್ದ ಜಾಗ ಎಲ್ಲಿಯೆಂದು ಗುರುತಿಸಲಾಗಲಿಲ್ಲ. ಕೆಂಪು ನೀರು ದಡದಿಂದ ದಡಕ್ಕೆ ಸುಳಿ ತಿರುಗುತ್ತ ಸದ್ದಿಲ್ಲದೆ ಓಡುತ್ತಿತ್ತು. “ಆಗ ಹೀಗೆ ಇದ್ದಿದ್ದರೆ?” ಎಂದ ಮಗ, ಉತ್ತರವನ್ನು ಕಾಯಲಿಲ್ಲ.

ಮುರಿದ ಗೋಡೆಯ ಒಂದು ಚಪ್ಪಟೆಯಾದ ಕಲ್ಲಿನ ಮೇಲೆ ಹಲಗೆಯನ್ನಿಟ್ಟೆವು. ಪುಟ್ಟ ಗೊಂಬೆಯ ಚಿತ್ರ ತೆಗೆಯುವವರು ಸಾಮಾನ್ಯವಾಗಿ ಮೇಲಿನಿಂದ ನೋಡಿ ತೆಗೆಯುತ್ತಾರೆ. ಆಗ ಅದು ಗೊಂಬೆಯೆಂದೇ ಕಾಣುವುದು. ಕ್ಯಾಮೆರಾದ ಕಣ್ಣನ್ನು ಸಿಪಾಯಿಯ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ಮುಕ್ಕಾಲಿಯನ್ನು ಒಯ್ದಿರಲಿಲ್ಲ, ರಾಗಿ ತುಂಬಿದ ಸಣ್ಣ ಚೀಲವೊಂದರ ಮೇಲೆ ಕ್ಯಾಮೆರಾ ಮಲಗಿಸಿದೆವು. ಇಷ್ಟು ಹತ್ತಿರಕ್ಕೆ ಹೋದರೆ ಮುಂದಿನವನ ಮೂಗು ಸ್ಪಷ್ಟವಾದಾಗ ಹಿಂದಿನವನು ಮಬ್ಬಾಗುತ್ತಾನೆ. ಬೆಳಕಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡಿದರೆ ಇಬ್ಬರೂ ಕಾಣುವರು. ಆದರೆ ಬೆಳಕು ಸಾಲದಾಗಿ ಹೆಚ್ಚು ಹೊತ್ತು ಅಲುಗದೆ ಇರಬೇಕು. ನಾವು ಹೀಗೆ ಹೆಣಗುತ್ತಿರುವಾಗ ಮಗಳು ತನ್ನ ಮೊಬೈಲನ್ನು ತಲೆಕೆಳಗಾಗಿ ಹಿಡಿದು ಮಸೂರವನ್ನು ಹಲಗೆಗೆ ತಾಕುವಂತಿಟ್ಟು ತೆಗೆದಳು. ಅದರ ಕಣ್ಣು ಚಿಕ್ಕದಾದುದರಿಂದ ಮುಂದಿನವನೂ ಹಿಂದಿನವನೂ ಗೋಡೆಯೂ ಒಟ್ಟಿಗೆ ಸ್ಪಷ್ಟವಾಗಿ ಬಂದಿದ್ದವು. ನಮ್ಮ ಬೆಲೆಬಾಳುವ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದೆವು.

ಮೋಡ ಬಿಡುವುದನ್ನು ಕಾದು, ಒಂದೂವರೆಯ ಸುಮಾರಿಗೆ ಬಿಸಿಲು ಬಿದ್ದಾಗ ನೋಡಿದರೆ, ಕಾಲಂಗುಲದ ನೆರಳುಗಳು ಎಲ್ಲರ ಮುಂದೆಯೂ ಗೋಡೆಯತ್ತ ಬಿದ್ದಿದ್ದವು. ಮುಖಗಳು ಕಾಣುತ್ತಿರಲಿಲ್ಲ. ಯಾರ ಮುಖಕ್ಕೆ ಯಾವ ಬಣ್ಣ ಬರೆದಿದ್ದೆವೆಂಬುದು ತಿಳಿಯುತ್ತಿರಲಿಲ್ಲ. ಚಿತ್ರ ಮೊದಲಿನದರಷ್ಟು ಚೆಂದವಿಲ್ಲ. ಕಟ್ಟು ಹಾಕಿಸಿದ್ದು ಅದನ್ನೇ.

ಎರಡನೆಯ ಸಲ ಬಿಸಿಲು ಬಂದಾಗ ಹೊಳೆಯ ಕಡೆಯಿಂದ ಗಾಳಿ ಬೀಸಿ, ಒಡಕಿನ ತುದಿಯಲ್ಲಿ ನಿಲ್ಲಿಸಿದ್ದ ಹುಲಿಯಂಗಿಯವನೊಬ್ಬ ಕಿತ್ತುಬಂದು ಕೋಟೆಯ ಕಲ್ಲುಗಳ ಸಂದಿಗೆ ಬಿದ್ದ. ಮಗ ಹೊಟ್ಟೆಯ ಮೇಲೆ ಮಲಗಿ ತೋಳು ಮುಳುಗುವವರೆಗೆ ಕೈ ಹಾಕಿ ತಡಕಿದ. ಮುಳ್ಳು ತರಚಿತೇ ಹೊರತು ಸಿಪಾಯಿ ಸಿಕ್ಕಲಿಲ್ಲ. ಇನ್ನೊಬ್ಬನನ್ನು ಮಾಡಿಕೊಡುತ್ತೇವೆಂದೆವು. ಹುಡುಗ ಬೇಡವೆಂದ. ಆ ವರ್ಷದ ನವರಾತ್ರಿಯಲ್ಲಿ ಒಡಕಿನ ತುದಿಯ ಜಾಗ ಖಾಲಿಯಾಗಿಯೇ ಇತ್ತು. ಅವನನ್ನು ನೆಟ್ಟಿದ್ದ ಗುಂಡುಸೂಜಿ ಮಾತ್ರ ನಿಂತಿತ್ತು. ಮೇಷ್ಟ್ರು ಬಂದು ಕನ್ನಡಕ ಒರೆಸಿಕೊಂಡು ಅದನ್ನೂ ನೋಡಿದರು. ಏನೂ ಕೇಳಲಿಲ್ಲ.